ಡೈವೋರ್ಸ್ ಕೇಸು ಮೀಡಿಯೇಶನ್‌ಗೆ ಹೋಗಿದೆ. ಅಲ್ಲಿ ಒಳಗೆ ಏನು ನಡೆಯುತ್ತದೆ? ದಾವಣಗೆರೆ, ದುರ್ಗದ ಕಡೆಯವರು ಹೇಳಿ

ನಿಟುವಳ್ಳಿ_ಟೀಚರ್

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಒಂದು ಖಾಸಗಿ ಶಾಲೆಯಲ್ಲಿ ಟೀಚರ್ ಆಗಿದ್ದೇನೆ. ಮದುವೆಯಾಗಿ ಎಂಟು ವರ್ಷ. ಎರಡು ವರ್ಷದಿಂದ ಮಗಳ ಜೊತೆ ತವರಿನಲ್ಲೇ ಇದ್ದೇನೆ. ಅವಳಿಗೀಗ ಆರು. ಯಜಮಾನರದು ಚನ್ನಗಿರಿ ಕಡೆ, ಅಡಿಕೆ ತೋಟ ಇದೆ. ಕೇಸು ಹಾಕಿದ್ದು ನಾನೇ. ಹೋದ ತಾರೀಖಿಗೆ ಜಡ್ಜ್ ಸಾಹೇಬರು ಇಬ್ಬರನ್ನೂ ಮಾತಾಡಿಸಿ ಫೈಲನ್ನು ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಿದರು. ನಮ್ಮ ವಕೀಲರನ್ನು ಕೇಳಿದರೆ "ಹೋಗಿ ಕೂತು ಬನ್ನಿ ಮೇಡಂ" ಅಂದರು, ಅಷ್ಟೇ.

ಊರಲ್ಲಿ ಒಂದು ಪಂಚಾಯ್ತಿ ಆಗಲೇ ಮುಗಿದಿದೆ. ದೊಡ್ಡವರೆಲ್ಲ ಬಂದರು, ಚಹಾ ಕುಡಿದರು, "ಹೆಣ್ಣುಮಗಳು ಸ್ವಲ್ಪ ತಗ್ಗಿ ಬಗ್ಗಿ ಹೋಗಬೇಕಮ್ಮ" ಅಂತ ಹೇಳಿ ಎದ್ದು ಹೋದರು. ಕೋರ್ಟಿನಲ್ಲೂ ಅದೇ ಮಾತು ಕೇಳಬೇಕಾ? ಒತ್ತಾಯ ಮಾಡಿ ಸಹಿ ಹಾಕಿಸಿಕೊಳ್ಳುತ್ತಾರಾ? ಹೋಗಿ ಬಂದವರು ಯಾರಾದರೂ ಇದ್ದರೆ ಹೇಳಿ.

ಮಂಡಕ್ಕಿ_ಮಿರ್ಚಿ

ಉತ್ತರಕ್ಕೆ ನಾನೂ ಕಾಯುತ್ತಿದ್ದೇನೆ. ನಮ್ಮ ಅಕ್ಕನದೂ ಹೆಚ್ಚೂ ಕಡಿಮೆ ಇದೇ ಕಥೆ.

ಕರಿಕೋಟು

ಮೇಡಂ, ನಾನು ಇಲ್ಲೇ ವಕೀಲಿಕೆ ಮಾಡುವವನು. ಫ್ಯಾಮಿಲಿ ಕೇಸುಗಳೇ ಜಾಸ್ತಿ. ನಿಮ್ಮ ಕೇಸಿನ ವಿವರ ಗೊತ್ತಿಲ್ಲದೆ ಸಲಹೆ ಕೊಡುವುದಿಲ್ಲ, ಪದ್ಧತಿ ಮಾತ್ರ ಹೇಳುತ್ತೇನೆ.

ಮಧ್ಯಸ್ಥಿಕೆಗೆ ಕಳಿಸಿದರು ಅಂದರೆ ನಿಮ್ಮ ಕೇಸಿನಲ್ಲಿ ಹುರುಳಿಲ್ಲ ಅಂತ ಅಲ್ಲ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 9ನೇ ಕಲಮಿನ ಪ್ರಕಾರ ಮೊದಲು ರಾಜಿಗೆ ಪ್ರಯತ್ನ ಮಾಡುವುದು ಕೋರ್ಟಿನ ಕರ್ತವ್ಯ. ಗಂಡ ಹೆಂಡತಿಯ ವ್ಯಾಜ್ಯಗಳನ್ನು ಮಧ್ಯಸ್ಥಿಕೆಗೆ ಕಳಿಸಿ ನೋಡಿ ಅಂತ 2013ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಹಾಗಾಗಿ ಬಹುತೇಕ ಎಲ್ಲರ ಫೈಲೂ ಒಮ್ಮೆ ಆ ಕೋಣೆಗೆ ಹೋಗಿಯೇ ಬರುತ್ತದೆ.

ಒಳಗೆ ಕಟಕಟೆ ಇಲ್ಲ, ಕೂಗುವ ಜವಾನ ಇಲ್ಲ. ಒಂದು ಟೇಬಲ್ಲು, ನಾಲ್ಕೈದು ಕುರ್ಚಿ. ಕೂತಿರುವವರು ಮಧ್ಯಸ್ಥರು, ಅಂದರೆ ಇದಕ್ಕೆಂದೇ 40 ಗಂಟೆಯ ತರಬೇತಿ ಪಡೆದವರು, ಸಾಮಾನ್ಯವಾಗಿ ಅನುಭವಿ ವಕೀಲರು. ಮೊದಲು ಇಬ್ಬರನ್ನೂ ಕೂರಿಸಿಕೊಂಡು ಇಲ್ಲಿನ ರೀತಿ ನೀತಿ ಹೇಳುತ್ತಾರೆ. ಆಮೇಲೆ ಒಬ್ಬೊಬ್ಬರನ್ನೇ ಬೇರೆಯಾಗಿ ಕರೆದು ಮಾತಾಡುತ್ತಾರೆ. ನಿಜವಾದ ಕೆಲಸ ಆಗುವುದು ಅಲ್ಲೇ. ನೀವು ಒಬ್ಬರೇ ಇದ್ದಾಗ ಹೇಳಿದ್ದನ್ನು ನಿಮ್ಮ ಒಪ್ಪಿಗೆ ಇಲ್ಲದೆ ಅವರಿಗೆ ಹೇಳುವಂತಿಲ್ಲ. ಕೋರ್ಟಿಗೂ ಹೇಳುವಂತಿಲ್ಲ. ನಾಳೆ ಕೇಸು ಮುಂದುವರಿದರೆ ಆ ಮಧ್ಯಸ್ಥರನ್ನು ಸಾಕ್ಷಿಗೆ ಕರೆಯಲೂ ಬರುವುದಿಲ್ಲ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಮಧ್ಯಸ್ಥರಿಗೆ ತೀರ್ಪು ಕೊಡುವ ಅಧಿಕಾರವೇ ಇಲ್ಲ. ಹೋಗಿ ಹಾಜರಾಗುವುದು ನಿಮ್ಮ ಕೆಲಸ, ಒಪ್ಪುವುದು ಬಿಡುವುದು ನಿಮ್ಮ ಇಷ್ಟ. ಒಂದಾಗುತ್ತೇವೆ ಅಂದರೆ ಹಾಗೇ ಬರೆಯುತ್ತಾರೆ. ಬೇರೆಯಾಗುತ್ತೇವೆ, ಆದರೆ ಜಗಳ ಬೇಡ ಅಂದರೆ ಅದರ ಷರತ್ತು ಬರೆಯುತ್ತಾರೆ. ಎರಡೂ ಆಗಲಿಲ್ಲ ಅಂದರೆ "ರಾಜಿ ಆಗಲಿಲ್ಲ" ಅಂತ ಒಂದು ಸಾಲಿನ ವರದಿ ಕೋರ್ಟಿಗೆ ವಾಪಸ್ ಹೋಗುತ್ತದೆ. ಯಾರಿಂದ ಆಗಲಿಲ್ಲ, ಯಾಕೆ ಆಗಲಿಲ್ಲ ಅಂತ ಅದರಲ್ಲಿ ಇರುವುದಿಲ್ಲ. ಕೇಸು ನಿಂತಲ್ಲಿಂದ ಮುಂದುವರಿಯುತ್ತದೆ.

ಜಗಳೂರು_ಗೌಡ್ರು

ತಂಗಿ, ಪಂಚಾಯ್ತಿ ಅಂದಕೂಡಲೇ ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬೇಡಮ್ಮ. ನಮ್ಮ ಕಡೆ ಎಷ್ಟೋ ಸಂಸಾರ ಕಟ್ಟೆ ಮೇಲೆ ಕೂತೇ ಸರಿಹೋಗಿವೆ. ಸಿರಿಗೆರೆ ಮಠದಲ್ಲಿ ಸೋಮವಾರ ಸದ್ಧರ್ಮ ನ್ಯಾಯಪೀಠ ನಡೆಯುತ್ತದೆ. ಸ್ವಾಮೀಜಿ ಮುಂದೆ ಅಣ್ಣ ತಮ್ಮಂದಿರ ಹೊಲದ ಜಗಳ, ಗಂಡ ಹೆಂಡಿರ ಜಗಳ ಎಲ್ಲ ಬರುತ್ತವೆ. ಕೋರ್ಟು ಕಚೇರಿ ಅಲೆದು ಸೋತವರು ಅಲ್ಲಿ ಬಗೆಹರಿಸಿಕೊಂಡದ್ದು ನಾನೇ ನೋಡಿದ್ದೇನೆ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತ ಸುಮ್ನೆ ಹೇಳಿದ್ದಾರಾ ಹಿರಿಯರು?

ನಿಟುವಳ್ಳಿ_ಟೀಚರ್

ಗೌಡ್ರೇ, ನಿಮ್ಮ ಮೇಲೆ ಗೌರವ ಇದೆ. ಆದರೆ ಎಂಟು ವರ್ಷ ಉಂಡೂ ಆಯ್ತು, ಮಲಗಿಯೂ ಆಯ್ತು.

ಕರಿಕೋಟು

ಗೌಡರ ಮಾತನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಇಬ್ಬರಿಗೂ ನಂಬಿಕೆ ಇರುವ ಹಿರಿಯರ ಮುಂದೆ ಒಪ್ಪಂದಕ್ಕೆ ಬಂದರೆ ಒಳ್ಳೆಯದೇ. ಆದರೆ ಒಂದು ವಿಷಯ ತಲೆಯಲ್ಲಿರಲಿ. ಪಂಚರ ಮುಂದೆ ಛಾಪಾ ಕಾಗದದಲ್ಲಿ "ಇನ್ನು ನಮ್ಮಿಬ್ಬರಿಗೂ ಸಂಬಂಧ ಇಲ್ಲ" ಅಂತ ಬರೆದು, ನೋಟರಿ ಸೀಲ್ ಹೊಡೆಸಿಕೊಂಡರೆ ಅದು ವಿಚ್ಛೇದನ ಅಲ್ಲ. ಕೆಲವು ಸಮುದಾಯಗಳ ರೂಢಿಯ ಬಿಡುಗಡೆಗೆ ಹಿಂದೂ ವಿವಾಹ ಕಾಯ್ದೆಯಲ್ಲಿ ಜಾಗ ಇದೆ ನಿಜ. ಆದರೆ ಆ ರೂಢಿಯನ್ನು ಸಾಕ್ಷಿ ಸಮೇತ ಸಾಬೀತು ಮಾಡಬೇಕು, ಅದು ಸುಲಭ ಇಲ್ಲ. ಇಂಥ ಕಾಗದ ಹಿಡಿದುಕೊಂಡು ಇನ್ನೊಂದು ಮದುವೆಯಾಗಿ, ಆಮೇಲೆ ಮೊದಲ ಹೆಂಡತಿ ಕೇಸು ಹಾಕಿದಾಗ ನಮ್ಮ ಹತ್ತಿರ ಓಡಿ ಬರುವವರು ವರ್ಷಕ್ಕೆ ಒಬ್ಬರಾದರೂ ಇರುತ್ತಾರೆ.

ಒಪ್ಪಂದ ಎಲ್ಲಿ ಬೇಕಾದರೂ ಆಗಲಿ. ಡಿಕ್ರಿ ಮಾತ್ರ ಕೋರ್ಟಿನಿಂದಲೇ ಬರಬೇಕು.

ದುರ್ಗದವಳು

ಅಕ್ಕ, ನಾನು ಚಿತ್ರದುರ್ಗದವಳು. ಎರಡು ವರ್ಷದ ಹಿಂದೆ ಇದೇ ದಾರಿಯಲ್ಲಿ ಹೋಗಿ ಬಂದಿದ್ದೇನೆ. ನನ್ನ ಅನುಭವ ಸ್ವಲ್ಪ ಉದ್ದ ಇದೆ, ಬೇಜಾರಿಲ್ಲದೆ ಓದಿ.

ಮೊದಲ ಸಲ ಹೋದಾಗ ಏನೂ ಆಗಲಿಲ್ಲ. ಇಬ್ಬರೂ ಹಳೆಯದನ್ನೆಲ್ಲ ಕಕ್ಕಿಕೊಂಡೆವು. ಮಧ್ಯಸ್ಥರು ಒಬ್ಬ ಹಿರಿಯ ಹೆಣ್ಣುಮಗಳು. ತಡೆಯಲೇ ಇಲ್ಲ. ಯಾವಾಗ ಏನಾಯ್ತು ಅಂತ ಬರೆದುಕೊಳ್ಳಲೂ ಇಲ್ಲ. ನಂಗೆ ಸಿಟ್ಟು ಬಂತು, ಇವರು ಕೇಳಿಸಿಕೊಳ್ಳುತ್ತಲೇ ಇಲ್ಲವಲ್ಲ ಅಂತ. ಎರಡನೇ ಸಲ ಅವರು ಕೇಳಿದ್ದು ಒಂದೇ: "ಮುಂದಿನ ಜೂನ್‌ಗೆ ಮಗ ಯಾವ ಶಾಲೆಯಲ್ಲಿ ಇರಬೇಕು?" ಅಲ್ಲಿಂದ ಮಾತು ಮುಂದಕ್ಕೆ ಹೊರಟಿತು.

ದೊಡ್ಡ ತಗಾದೆ ಇದ್ದದ್ದು ಒಡವೆಯದು. ನಮ್ಮಪ್ಪ ಹಾಕಿದ ಎರಡೆಳೆ ಸರ, ನಾಲ್ಕು ಬಳೆ, ಜುಮುಕಿ, ಒಂದು ನೆಕ್ಲೇಸ್. ನನ್ನ ಗಂಡ "ಎಲ್ಲ ಅವಳೇ ತಗೊಂಡು ಹೋಗಿದ್ದಾಳೆ" ಅನ್ನುತ್ತಿದ್ದರು. ನಾನು "ಬೀರುವಿನಲ್ಲೇ ಬಿಟ್ಟು ಬಂದೆ" ಅನ್ನುತ್ತಿದ್ದೆ. ಕೋರ್ಟಿನಲ್ಲಾದರೆ ಇದಕ್ಕೇ ನಾಲ್ಕು ಸಾಕ್ಷಿ ಬೇಕಿತ್ತು. ಮೇಡಂ ನನ್ನ ಗಂಡನನ್ನು ಒಬ್ಬರನ್ನೇ ಕೂರಿಸಿಕೊಂಡು ತುಂಬಾ ಹೊತ್ತು ಮಾತಾಡಿದರು. ಆಮೇಲೆ ನನ್ನನ್ನು ಕರೆದು, "ನಿಮಗೆ ಇದನ್ನು ಹೇಳಲು ಅವರು ಒಪ್ಪಿದ್ದಾರೆ, ಅದಕ್ಕೇ ಹೇಳುತ್ತಿದ್ದೇನೆ" ಅಂತ ಶುರು ಮಾಡಿದರು. ಹಿರಿಯೂರು ಹತ್ತಿರದ ಹೊಲದಲ್ಲಿ ಬೋರ್ ಕೊರೆಸಲು ಸರ, ಬಳೆ ಎರಡನ್ನೂ ಅಡ ಇಟ್ಟಿದ್ದರಂತೆ. ನೀರು ಬೀಳಲಿಲ್ಲ. ಇನ್ನೊಂದು ಪಾಯಿಂಟು ಹಾಕಿಸಿದರು, ಅದೂ ಧೂಳು. ಅಪ್ಪನಿಗೆ ಗೊತ್ತಾದರೆ ಮರ್ಯಾದೆ ಹೋಗುತ್ತದೆ ಅಂತ ನಾನೇ ತಗೊಂಡು ಹೋದೆ ಅನ್ನೋ ಕಥೆ ಕಟ್ಟಿದ್ದರು.

ನಂಗೆ ಸಿಟ್ಟು ಇಳಿಯಲಿಲ್ಲ. ಸುಳ್ಳು ಸುಳ್ಳೇ. ಆದರೆ ಅದಾದ ಮೇಲೆ ಲೆಕ್ಕ ಸುಲಭ ಆಯ್ತು. ಅಡ ಇಟ್ಟ ರಸೀದಿ ತಂದರು. ಯಾವ ಒಡವೆ, ಎಷ್ಟು ಗ್ರಾಂ ಅಂತ ಒಂದೊಂದನ್ನೇ ಒಪ್ಪಂದದಲ್ಲಿ ಬರೆಸಿದೆವು. ಕೊನೆಯ ತಾರೀಖಿನ ಮುಂಚೆ ಬಿಡಿಸಿ ಕೊಡಬೇಕು, ಕೊಡದಿದ್ದರೆ ಆ ದಿನದ ಬಂಗಾರದ ರೇಟಿನಲ್ಲಿ ದುಡ್ಡು ಕೊಡಬೇಕು ಅಂತ. "ಆ ದಿನದ ರೇಟು" ಅನ್ನೋದನ್ನು ಬಿಡಬೇಡಿ ಅಕ್ಕ. ಬಂಗಾರದ ಬೆಲೆ ಎಲ್ಲಿಗೆ ಹೋಗಿದೆ ನೋಡುತ್ತಿದ್ದೀರಲ್ಲ.

ಮಗನ ವಿಷಯಕ್ಕೆ ಜಾಸ್ತಿ ಹೊತ್ತು ಹಿಡಿಯಿತು. "ತಂದೆ ಆಗಾಗ ಬಂದು ನೋಡಬಹುದು" ಅಂತ ಮೊದಲ ಕರಡಿನಲ್ಲಿ ಇತ್ತು. ಮೇಡಂ ಅದನ್ನು ಹೊಡೆದು ಹಾಕಿ, "ಆಗಾಗ ಅಂದರೆ ಜಗಳಕ್ಕೆ ಜಾಗ" ಅಂದರು. ಈಗ ಇರೋದು ಹೀಗೆ: ಎರಡನೇ, ನಾಲ್ಕನೇ ಶನಿವಾರ ಬೆಳಗ್ಗೆ 10ಕ್ಕೆ ನಮ್ಮ ತವರು ಮನೆ ಗೇಟಿನಿಂದ ಕರೆದುಕೊಂಡು ಹೋಗಿ, ಭಾನುವಾರ ಸಂಜೆ 6ಕ್ಕೆ ಅಲ್ಲಿಗೇ ತಂದು ಬಿಡಬೇಕು. ದಸರಾ ರಜೆ, ಬೇಸಿಗೆ ರಜೆ ಅರ್ಧರ್ಧ. ಈ ವರ್ಷ ಯುಗಾದಿ ನನ್ನ ಹತ್ತಿರ, ದೀಪಾವಳಿ ಅವರ ಹತ್ತಿರ, ಮುಂದಿನ ವರ್ಷ ಅದಲು ಬದಲು. ಮಗು ಹುಷಾರಿಲ್ಲದಿದ್ದರೆ ಆ ವಾರ ತಪ್ಪಿದ್ದು ಮುಂದಿನ ವಾರ. ಇಬ್ಬರ ಸಹಿ ಇಲ್ಲದೆ ಟಿ.ಸಿ. ತೆಗೆಯುವಂತಿಲ್ಲ. ಮಗನ ಮುಂದೆ ಒಬ್ಬರು ಇನ್ನೊಬ್ಬರನ್ನು ಬೈಯುವಂತಿಲ್ಲ. ಈ ಕೊನೆಯದನ್ನು ಇಬ್ಬರೂ ಮೀರಿದ್ದೇವೆ ಬಿಡಿ, ಉಳಿದದ್ದು ನಡೆಯುತ್ತಿದೆ.

ಹರಿಹರ_ಪ್ಯಾಸೆಂಜರ್

ಗಂಡಸರ ಕಡೆಯಿಂದ ಒಂದು ಮಾತು. ನಮ್ಮದು ಬರೀ ಡೈವೋರ್ಸ್ ಇರಲಿಲ್ಲ. ಹಳೆಯ ಐಪಿಸಿಯ 498ಎ, ಅಂದರೆ ಗಂಡನ ಮನೆಯ ಕಿರುಕುಳದ ಕ್ರಿಮಿನಲ್ ಕೇಸು ಇತ್ತು, ಜೀವನಾಂಶದ ಕೇಸು ಬೇರೆ, ಕೌಟುಂಬಿಕ ದೌರ್ಜನ್ಯದ ಕೇಸು ಬೇರೆ. ನಮ್ಮ ತಾಯಿಗೂ ಸಮನ್ಸ್ ಬಂದಿತ್ತು. ಮಧ್ಯಸ್ಥಿಕೆಯಿಂದ ಆದ ದೊಡ್ಡ ಉಪಕಾರ ಅಂದರೆ ಎಲ್ಲ ಕೇಸುಗಳನ್ನೂ ಒಂದೇ ಟೇಬಲ್ಲಿಗೆ ತಂದು ಒಂದೇ ಒಪ್ಪಂದದಲ್ಲಿ ಮುಗಿಸಿದ್ದು.

ಆದರೆ ಗಂಡಸರು ಒಂದು ತಿಳಿದುಕೊಳ್ಳಿ. ಆಕೆ "ಕೇಸು ವಾಪಸ್ ತಗೊಳ್ತೀನಿ" ಅಂತ ಬರೆದುಕೊಟ್ಟರೆ 498ಎ ತಾನಾಗೇ ಬೀಳುವುದಿಲ್ಲ. ಅದು ನಮ್ಮ ರಾಜ್ಯದಲ್ಲಿ ರಾಜಿಯಾಗುವ ಅಪರಾಧ ಅಲ್ಲ. ಒಪ್ಪಂದದ ಪ್ರತಿ ಹಿಡಿದು ಹೈಕೋರ್ಟಿಗೆ ಹೋಗಿ ರದ್ದು ಮಾಡಿಸಬೇಕು. ದಾವಣಗೆರೆ, ಚಿತ್ರದುರ್ಗ ಎರಡೂ ಬೆಂಗಳೂರು ಪೀಠಕ್ಕೆ ಸೇರಿದವು. ಧಾರವಾಡ ಹತ್ತಿರ ಅಂತ ಅಲ್ಲಿಗೆ ಹೋಗಬೇಡಿ. ಆಕೆ ಅಲ್ಲಿಗೂ ಬಂದು ಒಪ್ಪಿಗೆ ಹೇಳಬೇಕಾಗುತ್ತದೆ, ಆದ್ದರಿಂದ ಅದನ್ನೂ ಷರತ್ತಿನಲ್ಲಿ ಸೇರಿಸಿ.

ದುಡ್ಡು ನಗದಾಗಿ ಕೊಡಬೇಡಿ. ಡಿಡಿ ಮಾಡಿಸಿ ಜಡ್ಜ್ ಮುಂದೆ ಕೊಡಿ. ನಾವು ಅರ್ಧವನ್ನು ಒಪ್ಪಿಗೆಯ ವಿಚ್ಛೇದನದ ಅರ್ಜಿ ಹಾಕಿದ ದಿನ, ಉಳಿದದ್ದನ್ನು ಡಿಕ್ರಿ ಆದ ದಿನ ಕೊಟ್ಟೆವು. ಇಬ್ಬರಿಗೂ ಧೈರ್ಯ.

ಸುಮ್ನೆ_ಓದುವವಳು

ಎಲ್ಲರೂ ಚೆನ್ನಾಗಿ ಹೇಳುತ್ತಿದ್ದೀರಿ. ಆದರೆ ಹೊಡೆಯುವ ಗಂಡನ ಎದುರು ಕುರ್ಚಿ ಹಾಕಿಕೊಂಡು ಕೂತು ಏನು ಮಾತಾಡುವುದು? ನನ್ನ ಗೆಳತಿ ಬೇರೆ ಜಿಲ್ಲೆಯಲ್ಲಿ ಹೋಗಿದ್ದಳು. ಆತ ಬಾಯಲ್ಲಿ ಏನೂ ಅನ್ನಲಿಲ್ಲ, ಬರೀ ನೋಡುತ್ತಿದ್ದ. ಅವಳು ಎಲ್ಲದಕ್ಕೂ ಹೂಂ ಅಂದು ಎದ್ದು ಬಂದಳು. ಆ ಮಧ್ಯಸ್ಥರಿಗೆ ಅದು ಕಾಣಿಸಲೂ ಇಲ್ಲ. ರಾಜಿ ಮಾಡಿಸಿದ ಕೇಸುಗಳ ಲೆಕ್ಕ ಪೇಪರ್‌ನಲ್ಲಿ ಬರುತ್ತದೆ, ಲೋಕ ಅದಾಲತ್‌ನಲ್ಲಿ ಹಾರ ಬದಲಾಯಿಸಿದ ಜೋಡಿಗಳ ಫೋಟೋ ಬರುತ್ತದೆ. ಆರು ತಿಂಗಳ ಮೇಲೆ ಆ ಮನೆಗಳಲ್ಲಿ ಏನಾಯ್ತು ಅಂತ ಯಾರೂ ಫೋಟೋ ತೆಗೆಯುವುದಿಲ್ಲ.

ಕರಿಕೋಟು

ಇವರ ಮಾತು ನೂರಕ್ಕೆ ನೂರು ನಿಜ. ಹಾರ ಹಾಕಿಸುವ ಫೋಟೋ ನನಗೂ ಇಷ್ಟ ಆಗುವುದಿಲ್ಲ.

ಹಿಂಸೆ ಇದ್ದ ಮನೆಯಾದರೆ ಮೊದಲೇ ಮಧ್ಯಸ್ಥರಿಗೆ ಹೇಳಿ: "ನಾನು ಅವರ ಎದುರು ಕೂರುವುದಿಲ್ಲ, ಬೇರೆಯಾಗಿಯೇ ಮಾತಾಡುತ್ತೇನೆ." ಕೇಳುವ ಹಕ್ಕು ನಿಮಗಿದೆ. ವಕೀಲರನ್ನು ಜೊತೆಗೆ ಕರೆದುಕೊಂಡು ಹೋಗಬಹುದು. ಬರುವ, ಹೋಗುವ ಸಮಯ ಬೇರೆ ಬೇರೆ ಇಡಿ ಅನ್ನಬಹುದು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ರಕ್ಷಣಾ ಆದೇಶ ಪಡೆದಿದ್ದರೆ ಮಧ್ಯಸ್ಥಿಕೆ ನಡೆಯುವಾಗಲೂ ಅದು ಜಾರಿಯಲ್ಲೇ ಇರುತ್ತದೆ. ಮಾತು ನಡೆಯುವ ದಿನಗಳಲ್ಲಿ ಬೆದರಿಕೆ ಬಂದರೆ ಕಾಯುತ್ತಾ ಕೂರಬೇಡಿ, ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ಅಲ್ಲಿ ಕೂರಲು ಆಗುತ್ತಲೇ ಇಲ್ಲ ಅಂದರೆ "ಬೇಡ" ಅಂದು ಎದ್ದು ಬನ್ನಿ. ಅದರಿಂದ ಕೇಸಿಗೆ ಏನೂ ನಷ್ಟ ಇಲ್ಲ.

ನಿಟುವಳ್ಳಿ_ಟೀಚರ್

ಎಲ್ಲರಿಗೂ ಥ್ಯಾಂಕ್ಸ್. ನಮ್ಮಲ್ಲಿ ಹೊಡೆತ ಬಡಿತ ಇಲ್ಲ. ಮಾತೇ ಇಲ್ಲ, ಅದೇ ಸಮಸ್ಯೆ. ಎಲ್ಲದಕ್ಕೂ ಅತ್ತೆ, ಭಾವ ಉತ್ತರ ಕೊಡುತ್ತಾರೆ.

ಕೆಲವು ಪ್ರಶ್ನೆ ಇವೆ. ನಾನು ಮಧ್ಯಂತರ ಜೀವನಾಂಶಕ್ಕೆ ಅರ್ಜಿ ಹಾಕಿದ್ದೇನೆ, ಅದು ನಿಂತು ಹೋಗುತ್ತದಾ? ಭಾವ ಒಳಗೆ ಬಂದು ಕೂರಬಹುದಾ? ಫೋನಲ್ಲಿ ರೆಕಾರ್ಡ್ ಮಾಡಿಕೊಳ್ಳಲಾ? ಇನ್ನೊಂದು, ಅವರು "ತೋಟ ಎಲ್ಲ ಅಪ್ಪನ ಹೆಸರಲ್ಲಿದೆ, ನಂದು ಅಂತ ಏನೂ ಇಲ್ಲ" ಅನ್ನುತ್ತಾರೆ. ಆಗ ಏನು?

ಕರಿಕೋಟು

ರೆಕಾರ್ಡ್ ಬೇಡವೇ ಬೇಡ. ಅಲ್ಲಿ ಆಡಿದ ಮಾತನ್ನು ಕೋರ್ಟಿನಲ್ಲಿ ಬಳಸುವಂತಿಲ್ಲ. ನಂಬಿಕೆಯೂ ಹೋಗುತ್ತದೆ.

ಅರ್ಜಿ ಬಿದ್ದು ಹೋಗುವುದಿಲ್ಲ. ಮಧ್ಯಸ್ಥಿಕೆ ಎಳೆದಾಡಿದರೆ ನಿಮ್ಮ ವಕೀಲರು ಜಡ್ಜ್ ಮುಂದೆ ಅದನ್ನು ನೆನಪಿಸಲಿ. ಹಿಂದೂ ವಿವಾಹ ಕಾಯ್ದೆಯ 24ನೇ ಕಲಮು ಇಂಥ ಅರ್ಜಿಯನ್ನು ಸಾಧ್ಯವಾದಷ್ಟೂ 60 ದಿನದೊಳಗೆ ತೀರ್ಮಾನಿಸಿ ಅನ್ನುತ್ತದೆ. "ಸಾಧ್ಯವಾದಷ್ಟೂ" ಅಂತ ಇರುವುದರಿಂದ ಎಷ್ಟು ಸಾಧ್ಯವಾಗುತ್ತದೆ ಅಂತ ನಿಮಗೇ ಗೊತ್ತು.

ಭಾವ ಬರುವುದು ಇಬ್ಬರೂ ಒಪ್ಪಿದರೆ ಮಾತ್ರ. ನೀವು ಬೇಡ ಅನ್ನಬಹುದು. ನಿಮ್ಮ ಯಜಮಾನರು ಒಬ್ಬರೇ ಇದ್ದಾಗ ಬೇರೆ ಥರ ಮಾತಾಡಬಹುದು, ಅದನ್ನೂ ನೋಡಿ.

ತೋಟದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. 2020ರ ನವೆಂಬರ್‌ನಲ್ಲಿ ರಜನೀಶ್ ವಿರುದ್ಧ ನೇಹಾ ಕೇಸಿನಲ್ಲಿ ಸುಪ್ರೀಂ ಕೋರ್ಟು ಜೀವನಾಂಶ ಕೇಳುವವರು, ಕೊಡಬೇಕಾದವರು ಇಬ್ಬರೂ ಆಸ್ತಿ, ಆದಾಯ, ಸಾಲದ ಪ್ರಮಾಣಪತ್ರ (ಅಫಿಡವಿಟ್) ಹಾಕಲೇಬೇಕು ಅಂತ ಹೇಳಿದೆ. ಮಧ್ಯಸ್ಥಿಕೆಗೆ ಹೋಗುವ ಮುಂಚೆ ಅದು ಫೈಲಿನಲ್ಲಿ ಇದೆಯಾ ನೋಡಿ. ಪಹಣಿ ತೆಗೆಸಿ. ಅಡಿಕೆ ಮಾರಿದ ಬಿಲ್ಲು ಯಾರ ಹೆಸರಲ್ಲಿ, ದುಡ್ಡು ಯಾರ ಖಾತೆಗೆ ಬಂದಿದೆ ಅನ್ನೋದು ಮಾತಿಗಿಂತ ಗಟ್ಟಿ. ಹಾಗಂತ ನೀವು ತೋಟದಲ್ಲಿ ಪಾಲು ಕೇಳಲು ಬರುವುದಿಲ್ಲ. ಹೆಂಡತಿಗೆ ಗಂಡನ ಪಿತ್ರಾರ್ಜಿತದಲ್ಲಿ ವಿಭಾಗ ಕೇಳುವ ಹಕ್ಕಿಲ್ಲ. ಆದರೆ ಆ ಆದಾಯ ನೋಡಿ ಜೀವನಾಂಶ ನಿಗದಿ ಮಾಡಬಹುದು.

ನಿಮ್ಮ ಮಗಳ ಲೆಕ್ಕ ಬೇರೆ. ಅದು ನಿಜವಾಗಿ ಪಿತ್ರಾರ್ಜಿತ ಆಸ್ತಿ ಆಗಿದ್ದರೆ, 2005ರ ತಿದ್ದುಪಡಿಯ ನಂತರ ಮಗನಿಗಿರುವಷ್ಟೇ ಹಕ್ಕು ಮಗಳಿಗೂ ಹುಟ್ಟಿನಿಂದ ಇದೆ. "ಮಗಳ ಕಡೆಯಿಂದಲೂ ಯಾವ ಆಸ್ತಿ ಹಕ್ಕೂ ಕೇಳುವುದಿಲ್ಲ" ಅನ್ನೋ ಸಾಲನ್ನು ಗಂಡನ ಕಡೆಯವರು ಮೆಲ್ಲಗೆ ಕರಡಿನಲ್ಲಿ ತೂರಿಸುತ್ತಾರೆ. ಅದಕ್ಕೆ ಸಹಿ ಹಾಕಬೇಡಿ. ಮಗಳ ಹಕ್ಕು ಬಿಟ್ಟುಕೊಡಲು ನೀವು ಯಾರು? ಅವಳ ಓದು, ಊಟದ ಖರ್ಚಿನ ಹಕ್ಕೂ ಹಾಗೆಯೇ. ನಿಮ್ಮ ಜೀವನಾಂಶ ಒಂದೇ ಗಂಟಿಗೆ ಮುಗಿಸಿಕೊಂಡರೂ ಅವಳದನ್ನು ಪ್ರತ್ಯೇಕವಾಗಿ ಬರೆಸಿ, ಅದು ವರ್ಷ ವರ್ಷ ಎಷ್ಟು ಏರಬೇಕು ಅನ್ನೋದನ್ನೂ ಸೇರಿಸಿ.

ಮಂಡಕ್ಕಿ_ಮಿರ್ಚಿ

ಸರ್, ಒಪ್ಪಂದ ಆಯ್ತು ಅಂದ ಮೇಲೆ ಮತ್ತೆ ಆರು ತಿಂಗಳು ಕಾಯಬೇಕಾ?

ಕರಿಕೋಟು

ಒಪ್ಪಿಗೆಯ ವಿಚ್ಛೇದನ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಲ್ಲಿ ಬರುತ್ತದೆ. ಅರ್ಜಿ ಹಾಕುವ ಹೊತ್ತಿಗೆ ಇಬ್ಬರೂ ಬೇರೆಯಾಗಿ ಒಂದು ವರ್ಷ ಆಗಿರಬೇಕು. ಅರ್ಜಿ ಹಾಕಿ ಆರು ತಿಂಗಳ ಮೇಲೆ, ಹದಿನೆಂಟು ತಿಂಗಳೊಳಗೆ, ಮತ್ತೆ ಬಂದು "ಹೌದು, ನಮ್ಮ ಮನಸ್ಸು ಬದಲಾಗಿಲ್ಲ" ಅನ್ನಬೇಕು. 2017ರ ಅಮರದೀಪ್ ಸಿಂಗ್ ತೀರ್ಪಿನ ನಂತರ ಈ ಆರು ತಿಂಗಳನ್ನು ಕೋರ್ಟು ಮನ್ನಾ ಮಾಡಬಹುದು. ಆದರೆ ಬೇರೆಯಾಗಿ ಒಂದೂವರೆ ವರ್ಷ ಆಗಿರಬೇಕು, ರಾಜಿ ಪ್ರಯತ್ನ ಸೋತಿರಬೇಕು, ದುಡ್ಡು ಮತ್ತು ಮಕ್ಕಳ ವಿಷಯ ನಿಜವಾಗಿಯೂ ಬಗೆಹರಿದಿರಬೇಕು. ಟೀಚರ್ ಮೇಡಂಗೆ ಎರಡು ವರ್ಷ ಆಗಿರುವುದರಿಂದ ಕೇಳಿ ನೋಡಬಹುದು.

ಕೊನೆಯ ದಿನದವರೆಗೆ ಯಾರು ಬೇಕಾದರೂ ಒಪ್ಪಿಗೆ ಹಿಂದೆಗೆಯಬಹುದು ಅನ್ನೋದೂ ಗೊತ್ತಿರಲಿ. ಹರಿಹರದವರು ಹೇಳಿದ ಅರ್ಧ ಅರ್ಧ ಡಿಡಿ ಪದ್ಧತಿ ಅದಕ್ಕೇ ಬಂದಿದ್ದು.

ಆಜಾದ್‌ನಗರ_ಹುಡುಗ

ನಮ್ಮ ಮುಸ್ಲಿಮರಲ್ಲಿ ಇಬ್ಬರೂ ಒಪ್ಪಿ ಬಿಡುವುದಕ್ಕೆ ಮುಬಾರಾತ್ ಇದೆ, ಹೆಂಡತಿ ಕೇಳಿದರೆ ಖುಲಾ ಇದೆ. ನಮ್ಮ ಅಕ್ಕನ ಕೇಸು ಫ್ಯಾಮಿಲಿ ಕೋರ್ಟಿನಿಂದ ಇದೇ ಮಧ್ಯಸ್ಥಿಕೆ ಕೋಣೆಗೆ ಬಂದಿತ್ತು. ಮೊದಲು ಜಮಾತಿನ ಹಿರಿಯರೂ ಕೂತಿದ್ದರು. ಇದ್ದತ್ (ತಲಾಖ್ ನಂತರ ಹೆಂಡತಿ ಕಾಯುವ ಅವಧಿ) ಮುಗಿದ ಮೇಲೆ ಏನೂ ಕೊಡಬೇಕಿಲ್ಲ ಅಂತ ಹುಡುಗನ ಕಡೆಯವರ ಹಠ. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟು ತಲಾಖ್ ಆದ ಮುಸ್ಲಿಂ ಹೆಣ್ಣುಮಗಳೂ ಸಾಮಾನ್ಯ ಕಾನೂನಿನಲ್ಲಿ ಜೀವನಾಂಶ ಕೇಳಬಹುದು ಅಂದಿತ್ತಲ್ಲ, ಅದನ್ನು ವಕೀಲರು ತೋರಿಸಿದ ಮೇಲೆ ಮಾತಿನ ಧಾಟಿಯೇ ಬದಲಾಯಿತು. ಮೆಹರ್ (ನಿಕಾಹ್‌ನಲ್ಲಿ ಗಂಡ ಕೊಡಲು ಒಪ್ಪಿದ ಹಣ) ಬಾಕಿ, ಜಹೇಜ್ (ತವರಿನಿಂದ ಕೊಟ್ಟ) ಸಾಮಾನು ಎಲ್ಲ ಪಟ್ಟಿ ಮಾಡಿ ಬರೆಸಿದೆವು.

ಜಗಳೂರು_ಗೌಡ್ರು

ಇಷ್ಟೆಲ್ಲ ಓದಿದ ಮೇಲೆ ಒಂದು ಒಪ್ಪುತ್ತೇನೆ. ನಮ್ಮ ಕಟ್ಟೆ ಪಂಚಾಯ್ತಿಯಲ್ಲಿ ಹೆಣ್ಣುಮಗಳನ್ನು ಬೇರೆಯಾಗಿ ಕೂರಿಸಿ ಕೇಳುವ ಪದ್ಧತಿ ಇಲ್ಲ. ನಾಲ್ಕು ಜನರ ಎದುರು ಏನು ಹೇಳುತ್ತಾಳೋ ಅದೇ ಮಾತು. ಇದನ್ನು ಯೋಚನೆ ಮಾಡಬೇಕು.

ನಿಟುವಳ್ಳಿ_ಟೀಚರ್

ಮೊದಲ ಸಿಟ್ಟಿಂಗ್ ಮುಗಿಯಿತು. ಅಪ್‌ಡೇಟ್ ಕೇಳಿದವರಿಗೆ ಹೇಳುತ್ತಿದ್ದೇನೆ.

ಭಾವ ಬಂದಿದ್ದರು. ನಾನು ಬೇಡ ಅಂದೆ, ಹೊರಗೆ ಬೆಂಚಿನ ಮೇಲೆ ಕೂತರು. ಯಾರೂ ತಗ್ಗಿ ಬಗ್ಗಿ ಹೋಗು ಅನ್ನಲಿಲ್ಲ. "ಮತ್ತೆ ಒಟ್ಟಿಗೆ ಇರುವ ಮನಸ್ಸಿದೆಯಾ?" ಅಂತ ಒಂದು ಸಲ ಕೇಳಿದರು. ನಾನು ಇಲ್ಲ ಅಂದೆ. ಅವರನ್ನೂ ಕೇಳಿದರು. ಅವರು ತುಂಬಾ ಹೊತ್ತು ಸುಮ್ಮನಿದ್ದು "ಅವಳಿಗೆ ಇಷ್ಟ ಇಲ್ಲದ ಮೇಲೆ ಏನು ಮಾಡೋದು ಸರ್" ಅಂದರು. ಎಂಟು ವರ್ಷದಲ್ಲಿ ಅಣ್ಣನನ್ನು ಕೇಳದೆ ಕೊಟ್ಟ ಮೊದಲ ಉತ್ತರ ಅದೇ ಇರಬೇಕು.

ಮುಂದಿನ ಸಲಕ್ಕೆ ಇಬ್ಬರೂ ಆದಾಯದ ಪ್ರಮಾಣಪತ್ರ ತರಬೇಕು. ಮಗಳ ವಾರ, ರಜೆ, ಹಬ್ಬದ ಪಟ್ಟಿಯನ್ನು ಇಬ್ಬರೂ ಬೇರೆ ಬೇರೆ ಬರೆದು ತರಬೇಕಂತೆ. ದುರ್ಗದವರ ಪಟ್ಟಿಯನ್ನು ಎದುರಿಗೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ದುಗ್ಗಮ್ಮನ ಜಾತ್ರೆ ಮಾತ್ರ ಮಗಳು ನನ್ನ ಹತ್ತಿರವೇ ಇರಬೇಕು, ಅದರಲ್ಲಿ ಅದಲು ಬದಲು ಇಲ್ಲ.

ಮಂಡಕ್ಕಿ_ಮಿರ್ಚಿ

ಕೊನೆಯದಾಗಿ ಒಂದು. ನಮ್ಮಕ್ಕ ಇನ್ನೂ ಕೇಸೇ ಹಾಕಿಲ್ಲ, ವಕೀಲರ ಫೀಸಿಗೂ ದುಡ್ಡಿಲ್ಲ. ಭಾವ ಬೆಂಗಳೂರಿನಲ್ಲಿದ್ದಾರೆ, ಅಕ್ಕ ಹೊಳಲ್ಕೆರೆಯ ನಮ್ಮ ಮನೆಯಲ್ಲಿದ್ದಾಳೆ. ಬೆಂಗಳೂರಿಗೇ ಹೋಗಬೇಕಾ?

ಕರಿಕೋಟು

ಬೇಡ. ಹೆಂಡತಿ ತಾನು ಈಗ ವಾಸ ಇರುವ ಊರಿನ ವ್ಯಾಪ್ತಿಯ ಕೋರ್ಟಿನಲ್ಲೇ ಅರ್ಜಿ ಹಾಕಬಹುದು, ಅಂದರೆ ನಿಮ್ಮ ಅಕ್ಕನಿಗೆ ಚಿತ್ರದುರ್ಗ ಜಿಲ್ಲೆಯಲ್ಲೇ ಆಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ವಕೀಲರನ್ನು ಉಚಿತವಾಗಿ ಕೊಡುತ್ತಾರೆ. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು. ಕೇಸು ಹಾಕುವ ಮುಂಚೆಯೇ ಇಬ್ಬರನ್ನೂ ಕರೆಸಿ ಮಾತಾಡಿಸಿ ಅಂತ ಅಲ್ಲೇ ಒಂದು ಅರ್ಜಿ ಕೊಡಿ, ನೋಟಿಸ್ ಅವರೇ ಕಳಿಸುತ್ತಾರೆ. ಮದುವೆ ಫೋಟೋ, ಲಗ್ನಪತ್ರಿಕೆ, ಇಬ್ಬರ ಆಧಾರ್ ಪ್ರತಿ, ಭಾವನ ಈಗಿನ ವಿಳಾಸ ಇವಿಷ್ಟು ಹಿಡಿದುಕೊಂಡು ಹೋಗಿ. ವಿಳಾಸ ಸರಿ ಇಲ್ಲದಿದ್ದರೆ ನೋಟಿಸ್ ವಾಪಸ್ ಬರುತ್ತದೆ, ಅಲ್ಲೇ ಎರಡು ಮೂರು ತಿಂಗಳು ಹೋಗುತ್ತದೆ.